ಘಟಿಕೋತ್ಸವದಲ್ಲಿ ಭಾಷಣಕಾರರ ಪರಿಚಯ: ಒಂದು ಔಚಿತ್ಯ ವಿಚಾರ

ವಿಶ್ವವಿದ್ಯಾನಿಲಯದ ಘಟಿಕೋತ್ಸವವು ವಿದ್ಯಾರ್ಥಿಯ ಬಾಳಿನಲ್ಲಿ ಬರುವ ಅಪೂರ್ವವಾದ ಸುದಿನ. ಹಲವು ವರ್ಷಗಳ ಅಧ್ಯಯನ, ತಂದೆತಾಯಿಗಳ ತ್ಯಾಗ, ಗುರುಹಿರಿಯರ ಪರಿಶ್ರಮ ಇವೆಲ್ಲವೂ ಅಂದು ಒಂದು ಹಾಳೆಯ ರೂಪದಲ್ಲಿ ಕೈಸೇರುತ್ತವೆ. ಆ ಸಭೆಯಲ್ಲಿ ಸ್ನಾತಕರ ಕಿವಿಗೆ ಬೀಳುವ ನುಡಿಗಳು ಮುಖ್ಯವಾಗಿ ಮೂರು ಬಗೆಯವು. ಪದವಿಪ್ರದಾನದ ವಿಧಿವಾಕ್ಯ ಮೊದಲನೆಯದು. ಆಹ್ವಾನಿತ ಮಹನೀಯರ ಘಟಿಕೋತ್ಸವ ಭಾಷಣ ಎರಡನೆಯದು. ಆ ಮಹನೀಯರನ್ನು ಸಭೆಗೆ ಪರಿಚಯಿಸುವ ಮಾತು ಮೂರನೆಯದು. ಮೊದಲೆರಡನ್ನು ಕುರಿತು ಬಲ್ಲವರು ಸಾಕಷ್ಟು ಆಲೋಚಿಸಿದ್ದಾರೆ. ಮೂರನೆಯದು ಮಾತ್ರ ಯಾರ ಲಕ್ಷ್ಯಕ್ಕೂ ಬಾರದೆ, ಬಂದವರ ಬಾಯಿಗೆ ಬಂದಂತೆ ಬೆಳೆದು, ಈಗ ಸಭೆಯ ತಾಳ್ಮೆಯನ್ನು ಪರೀಕ್ಷಿಸುವ ಒಂದು ಪ್ರಸಂಗವಾಗಿ ನಿಂತಿದೆ. ಇದು ಸಣ್ಣ ಸಂಗತಿಯಂತೆ ತೋರಬಹುದು. ವಿಚಾರಿಸಿ ನೋಡಿದರೆ ಸಣ್ಣದಲ್ಲ.

'ಘಟಿಕೋತ್ಸವ' ಎಂಬ ಪದದಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಪ್ರಾಚೀನ ಕಾಲದಲ್ಲಿ ಘಟಿಕೆ ಅಥವಾ ಘಟಿಕಾಸ್ಥಾನವೆಂದರೆ ಉನ್ನತ ವಿದ್ಯೆಯ ನೆಲೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬರ ಮೂಲಪುರುಷನಾದ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಅಧ್ಯಯನಾರ್ಥವಾಗಿ ತೆರಳಿದ ಸಂಗತಿಯನ್ನು ತಿಳಿಸುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಮಾತ್ರವಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ವ್ಯವಸ್ಥೆ ಇದ್ದುದನ್ನು ಸಾರುತ್ತದೆ. ನುಡಿದ ಪ್ರತಿಯೊಂದು ಮಾತಿಗೂ ಪ್ರಮಾಣವನ್ನು ಕೇಳುವುದು ಶಾಸ್ತ್ರಾಭ್ಯಾಸದ ಕ್ರಮ. ಅಂತಹ ನೆಲೆಯ ಹೆಸರನ್ನು ಹೊತ್ತ ಉತ್ಸವದಲ್ಲಿ ಪ್ರಮಾಣವಿಲ್ಲದ ಮಾತು ಸಲ್ಲುವುದು ಹೇಗೆ?

ಸೂಕ್ಷ್ಮವಾಗಿ ಪರಿಶೀಲಿಸಿದರೆ ಪದವಿಯೆಂಬುದೂ ಒಂದು ಪರಿಚಯವೇ. ಇಂತಹ ವಿದ್ಯಾರ್ಥಿನಿ ಇಂತಹ ವಿಷಯದಲ್ಲಿ ಇಷ್ಟು ವರ್ಷ ಓದಿ, ಇಂತಹ ಪರೀಕ್ಷೆಯಲ್ಲಿ ಇಂತಹ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದಾಳೆಂದು ವಿಶ್ವವಿದ್ಯಾನಿಲಯವು ಲೋಕಕ್ಕೆ ಆಕೆಯನ್ನು ಪರಿಚಯಿಸುತ್ತದೆ. ನಿಕಾಯದ ಡೀನರು ಎದ್ದು ನಿಂತು, ಪರೀಕ್ಷಿಸಲ್ಪಟ್ಟು ಅರ್ಹರೆಂದು ಕಂಡುಬಂದವರಿವರು ಎಂದು ಅಭ್ಯರ್ಥಿಗಳನ್ನು ಕುಲಾಧಿಪತಿಗಳ ಮುಂದೆ ನಿವೇದಿಸುತ್ತಾರೆ. ಆ ವಾಕ್ಯದಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ, ಒಂದು ಅಕ್ಷರವೂ ಕಡಿಮೆಯಿಲ್ಲ. ದ್ವಿತೀಯ ದರ್ಜೆ ಪಡೆದವನನ್ನು ಪ್ರಥಮ ದರ್ಜೆಯವನೆಂದು ಹೇಳಿದರೆ ಅದು ಅಪರಾಧವಾಗುತ್ತದೆ. ಒಂದು ಅಂಕ ಹೆಚ್ಚು ಬರೆದರೂ ವಿಚಾರಣೆ ನಡೆಯುತ್ತದೆ. ಆದರೆ ಅದೇ ವೇದಿಕೆಯ ಮೇಲೆ, ಅದೇ ಗಂಟೆಯಲ್ಲಿ, ಅದೇ ಧ್ವನಿವರ್ಧಕದ ಮುಂದೆ ಅತಿಥಿಯೊಬ್ಬರನ್ನು 'ವಿಶ್ವವಿಖ್ಯಾತರು', 'ಸರ್ವಶಾಸ್ತ್ರ ಪಾರಂಗತರು', 'ನಡೆದಾಡುವ ವಿಶ್ವಕೋಶ' ಎಂದು ವರ್ಣಿಸಿದಾಗ ಯಾವ ವಿಚಾರಣೆಯೂ ಇಲ್ಲ. ವಿದ್ಯಾರ್ಥಿಯ ಯೋಗ್ಯತೆಯನ್ನು ಗುಂಜಿಯ ತಕ್ಕಡಿಯಲ್ಲಿ ತೂಗುವ ಸಂಸ್ಥೆಯು ಅತಿಥಿಯ ಯೋಗ್ಯತೆಯನ್ನು ಕಣ್ಣಳತೆಯಲ್ಲಿ ಅಳೆದುಕೊಡುತ್ತದೆ. ಒಂದೇ ಮುದ್ರೆಯಿಂದ ಒಂದು ಸತ್ಯಪತ್ರಕ್ಕೂ ಒಂದು ಉತ್ಪ್ರೇಕ್ಷೆಗೂ ಮುದ್ರೆಯೊತ್ತಿದರೆ ಆ ಮುದ್ರೆಯ ಬೆಲೆ ಉಳಿಯುವುದೆ? ಈ ಚರ್ಚೆಯ ತಿರುಳು ಇಷ್ಟೇ.

ಈಗಿನ ಪರಿಪಾಠವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. 'ಇವರಿಗೆ ಪರಿಚಯದ ಅಗತ್ಯವಿಲ್ಲ' ಎಂಬ ವಾಕ್ಯದಿಂದ ಪರಿಚಯವು ಆರಂಭವಾಗುತ್ತದೆ. ಅಗತ್ಯವಿಲ್ಲದ ಆ ಪರಿಚಯವು ಅರ್ಧ ಗಂಟೆ ನಡೆಯುತ್ತದೆ. ಅತಿಥಿಗಳು ಕಳುಹಿಸಿದ ವ್ಯಕ್ತಿವಿವರದ ಹಾಳೆಗಳನ್ನು ಹುಟ್ಟಿದ ದಿನಾಂಕದಿಂದ ಮೊದಲ್ಗೊಂಡು ಕೊನೆಯ ಸಮಿತಿಯ ಸದಸ್ಯತ್ವದವರೆಗೆ ಓದಲಾಗುತ್ತದೆ. ಪ್ರಕಟಿಸಿದ ಲೇಖನಗಳ ಸಂಖ್ಯೆ, ಸಂದರ್ಶಿಸಿದ ದೇಶಗಳ ಸಂಖ್ಯೆ, ಹೊದ್ದ ಶಾಲುಗಳ ಸಂಖ್ಯೆ ಎಲ್ಲವೂ ಬರುತ್ತವೆ. ಅವರು ಮಾಡಿದ ಒಂದು ಕಾರ್ಯ ಯಾವುದು, ಅದರಿಂದ ಯಾರಿಗೆ ಏನಾಯಿತು ಎಂಬುದು ಮಾತ್ರ ಬರುವುದಿಲ್ಲ. ಸ್ವಾಗತ ಭಾಷಣದಲ್ಲಿ ಒಮ್ಮೆ, ಪರಿಚಯದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಮತ್ತೊಮ್ಮೆ ಅದೇ ಬಿರುದಾವಳಿ ಮೊಳಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದರ ಮೇಲೆ ಬೃಹತ್ ಪರದೆಯ ಚಿತ್ರಸುರುಳಿಯೂ ಸಂಗೀತವೂ ಸೇರಿಕೊಂಡಿವೆ.

ಇದರಿಂದ ಆಗುವ ನಷ್ಟವನ್ನು ಮೂರಾಗಿ ಎಣಿಸಬಹುದು. ಮೊದಲನೆಯದು ಕಾಲದ ನಷ್ಟ. ಸ್ನಾತಕರು ಸಾವಿರಗಟ್ಟಲೆ ಇರುವ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ಪಡೆದವರೂ ಪದಕ ಗಳಿಸಿದವರೂ ಮಾತ್ರ ವೇದಿಕೆಯೇರುವುದು, ಉಳಿದವರೆಲ್ಲರೂ ಒಟ್ಟಾಗಿ ಪದವೀಧರರೆಂದು ಘೋಷಿತರಾಗುವುದು ಸಾಮಾನ್ಯ ರೂಢಿ. ವೇಳೆ ಸಾಲದು ಎಂಬುದು ಅದಕ್ಕೆ ಹೇಳುವ ಕಾರಣ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ತಾಯಿಯು ಮಗಳ ಹೆಸರನ್ನು ಕೂಗಲು ವೇಳೆಯಿಲ್ಲವೆಂಬ ಮಾತನ್ನು ನಂಬಿ, ಹಿಂದಿನ ಸಾಲಿನಲ್ಲಿ ಕುಳಿತು, ಅತಿಥಿಯ ಸಮಿತಿಗಳ ಪಟ್ಟಿಯನ್ನು ಕೇಳುತ್ತಾಳೆ. ಎರಡನೆಯದು ಸತ್ಯದ ನಷ್ಟ. ಎಲ್ಲರೂ ಮಹಾಮಹಿಮರಾದಾಗ ನಿಜವಾದ ಮಹಿಮೆಯನ್ನು ಹೇಳಲು ಪದವೇ ಉಳಿಯುವುದಿಲ್ಲ. ಮೂರನೆಯದು ಸಂಸ್ಕಾರದ ನಷ್ಟ. ವಿದ್ಯಾಲಯವನ್ನು ಬಿಟ್ಟು ಹೊರಡುವ ತರುಣನು ಕೇಳುವ ಕೊನೆಯ ಪಾಠಗಳಲ್ಲಿ ಇದೂ ಒಂದು. ಅಧಿಕಾರದ ಮುಂದೆ ಮಾತನ್ನು ಹೇಗೆ ಬಗ್ಗಿಸಬೇಕೆಂಬುದನ್ನು ಅವನು ಇಲ್ಲಿಯೇ ಕಲಿಯುತ್ತಾನೆ. ಐದು ವರ್ಷ ಕಲಿಸಿದ್ದನ್ನು ಅರ್ಧ ಗಂಟೆಯಲ್ಲಿ ಅಳಿಸಿದಂತಾಗುತ್ತದೆ.

ಪರಿಚಯವೆಂಬುದು ಪಶ್ಚಿಮದಿಂದ ಬಂದ ಪದ್ಧತಿಯೆಂದೂ, ಅದಕ್ಕೆ ಭಾರತೀಯ ಸಂಪ್ರದಾಯದಲ್ಲಿ ಮಾದರಿಯಿಲ್ಲವೆಂದೂ ಕೆಲವರು ಭಾವಿಸುವುದುಂಟು. ಸಂಸ್ಕೃತ ನಾಟಕಗಳನ್ನು ಬಲ್ಲವರು ಇದನ್ನು ಒಪ್ಪಲಾರರು. ನಾಂದಿಯ ನಂತರ ಸೂತ್ರಧಾರನು ರಂಗಕ್ಕೆ ಬಂದು, ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಹೇಳಿ, ಸಭೆಯ ಮನಸ್ಸನ್ನು ಅತ್ತ ತಿರುಗಿಸಿ ಮರೆಯಾಗುತ್ತಾನೆ. ಇದಕ್ಕೆ ಪ್ರರೋಚನೆಯೆಂದು ಲಾಕ್ಷಣಿಕರು ಹೆಸರಿಟ್ಟಿದ್ದಾರೆ. 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿ ಭಾಸ ಮೊದಲಾದ ಪ್ರಸಿದ್ಧರನ್ನು ಬಿಟ್ಟು ಈಗಿನವನಾದ ಕಾಳಿದಾಸನ ಕೃತಿಯನ್ನು ಏಕೆ ಆಡಬೇಕೆಂಬ ಪ್ರಶ್ನೆ ಬರುತ್ತದೆ. ಸೂತ್ರಧಾರನು ಕಾಳಿದಾಸನನ್ನು ಕವಿಕುಲಗುರುವೆಂದು ಹೊಗಳುವುದಿಲ್ಲ. ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದಾಗದು, ಹೊಸದೆಂಬ ಮಾತ್ರಕ್ಕೆ ಕೆಟ್ಟದಾಗದು, ವಿವೇಕಿಗಳು ಪರೀಕ್ಷಿಸಿ ಒಪ್ಪುತ್ತಾರೆಂಬ ತಾತ್ಪರ್ಯವನ್ನು ನುಡಿದು ತೀರ್ಪನ್ನು ಸಭೆಗೇ ಬಿಡುತ್ತಾನೆ. 'ಅಭಿಜ್ಞಾನ ಶಾಕುಂತಲ'ದಲ್ಲಿಯಂತೂ ನಟಿಯ ಗಾನಕ್ಕೆ ಮನಸೋತ ಸೂತ್ರಧಾರನು, ಜಿಂಕೆಯ ಬೆನ್ನಟ್ಟಿ ಬರುತ್ತಿರುವ ದುಷ್ಯಂತನನ್ನು ಒಂದು ಹೋಲಿಕೆಯಲ್ಲಿ ತಂದು ನಿಲ್ಲಿಸಿ ನಿಷ್ಕ್ರಮಿಸುತ್ತಾನೆ. ನಾಯಕನು ಬಂದ ಮೇಲೆ ಸೂತ್ರಧಾರನಿಗೆ ರಂಗದಲ್ಲಿ ಕೆಲಸವಿಲ್ಲ. ಪರಿಚಯಕಾರನ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ನಿದರ್ಶನ ಬೇರೊಂದಿಲ್ಲ.

ವಾಲ್ಮೀಕಿ ರಾಮಾಯಣದ ಬಾಲಕಾಂಡವನ್ನೂ ಇಲ್ಲಿ ನೆನೆಯಬಹುದು. ಮಿಥಿಲೆಯಲ್ಲಿ ಜನಕನು ಈ ಇಬ್ಬರು ಕುಮಾರರು ಯಾರೆಂದು ಕೇಳಿದಾಗ ವಿಶ್ವಾಮಿತ್ರರು ಅವರು ದಶರಥನ ಮಕ್ಕಳೆಂಬುದನ್ನೂ, ಸಿದ್ಧಾಶ್ರಮದಲ್ಲಿ ರಾಕ್ಷಸರನ್ನು ನಿಗ್ರಹಿಸಿದುದನ್ನೂ, ಬರುವ ದಾರಿಯಲ್ಲಿ ನಡೆದುದನ್ನೂ, ಮಹಾಧನುಸ್ಸನ್ನು ನೋಡಲು ಬಂದಿರುವುದನ್ನೂ ಮಿತವಾಗಿ ತಿಳಿಸುತ್ತಾರೆ. ಯಾರ ಮಕ್ಕಳು, ಏನು ಮಾಡಿದರು, ಏತಕ್ಕಾಗಿ ಬಂದರು ಎಂಬುದಷ್ಟೇ ಅಲ್ಲಿದೆ. ಅದೇ ಪ್ರಸಂಗದಲ್ಲಿ ಜನಕನ ಪುರೋಹಿತನಾದ ಶತಾನಂದನು ವಿಶ್ವಾಮಿತ್ರರ ಚರಿತ್ರೆಯನ್ನು ರಾಮನಿಗೆ ಹತ್ತಕ್ಕೂ ಹೆಚ್ಚು ಸರ್ಗಗಳಲ್ಲಿ ವಿಸ್ತರಿಸುತ್ತಾನಲ್ಲಾ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಆ ವಿಸ್ತಾರದ ಒಳಗೆ ಏನಿದೆಯೆಂಬುದನ್ನು ಗಮನಿಸಬೇಕು. ವಸಿಷ್ಠರ ಮುಂದೆ ಸೋತದ್ದು, ಮೇನಕೆಯಿಂದ ತಪೋಭಂಗವಾದದ್ದು, ಕೋಪಕ್ಕೆ ವಶವಾದದ್ದು, ಪ್ರತಿಯೊಂದು ಸೋಲಿನ ನಂತರವೂ ಮತ್ತೆ ತಪಸ್ಸಿಗೆ ಕುಳಿತದ್ದು ಇವೆಲ್ಲವನ್ನೂ ಆ ಮಹರ್ಷಿಯ ಸಮ್ಮುಖದಲ್ಲಿಯೇ ಶತಾನಂದನು ಹೇಳುತ್ತಾನೆ. ಮಹರ್ಷಿಯು ಕುಳಿತು ಕೇಳುತ್ತಾರೆ. ಇಂತಹ ಪರಿಚಯವನ್ನು ಒಂದು ಹಗಲೆಲ್ಲ ಕೇಳಿದರೂ ತರುಣನಿಗೆ ನಷ್ಟವಿಲ್ಲ. ದೀರ್ಘವಾಗಿರುವುದರಿಂದಲೇ ಒಂದು ಪರಿಚಯವು ದೂಷ್ಯವಾಗುವುದಿಲ್ಲ, ಪೊಳ್ಳಾಗಿರುವುದರಿಂದ ದೂಷ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನ ಮಹಾಭಾರತದಲ್ಲಿದೆ. ಹಸ್ತಿನಾವತಿಯ ಅಸ್ತ್ರವಿದ್ಯಾ ಪ್ರದರ್ಶನವು ಒಂದರ್ಥದಲ್ಲಿ ದ್ರೋಣಶಿಷ್ಯರ ಘಟಿಕೋತ್ಸವವೇ. ಅಲ್ಲಿ ತನ್ನ ವಿದ್ಯೆಯನ್ನು ತೋರಿ ಅರ್ಜುನನನ್ನು ಎದುರಿಸಲು ನಿಂತ ಕರ್ಣನನ್ನು ಕೃಪಾಚಾರ್ಯರು ಕೇಳಿದ್ದು ಅವನ ವಿದ್ಯೆಯನ್ನಲ್ಲ, ತಾಯಿತಂದೆಗಳನ್ನು, ಕುಲವನ್ನು. ವಿದ್ಯೆಯ ಸಭೆಯಲ್ಲಿ ವಿದ್ಯೆಯನ್ನು ಬಿಟ್ಟು ಬೇರೊಂದರಿಂದ ಮನುಷ್ಯನನ್ನು ಗುರುತಿಸಿದ ಆ ಗಳಿಗೆಯು ಮುಂದೆ ಒಂದು ಕುಲದ ನಾಶದವರೆಗೂ ತನ್ನ ನೆರಳನ್ನು ಚಾಚಿತು. ಇಂದು ಕುಲವನ್ನು ಕೇಳುವ ಸ್ಥಾನದಲ್ಲಿ ಹುದ್ದೆಯನ್ನು ಕೇಳುವ ರೂಢಿ ಬಂದಿದೆ. ಹುದ್ದೆಯಿಲ್ಲದ ವಿದ್ವಾಂಸನನ್ನು ಪರಿಚಯಿಸಲು ಮಾತೇ ತೋಚದೆ ತಡವರಿಸುವ ಪರಿಚಯಕಾರರಿದ್ದಾರೆ.

ಶಾಸನಗಳಿಂದಲೂ ಒಂದು ಪಾಠವಿದೆ. ದಾನಶಾಸನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳನ್ನು ಕಾಣಬಹುದು. ಮೊದಲಿನದು ಅರಸನ ಅಥವಾ ದಾನಿಯ ಪ್ರಶಸ್ತಿ. ಅನಂತರದ್ದು ಕೊಟ್ಟ ದಾನದ ವಿವರ. ಪ್ರಶಸ್ತಿಯಲ್ಲಿ ಪ್ರತಿಯೊಬ್ಬ ಸಾಮಂತನೂ ಸಮುದ್ರದವರೆಗಿನ ಭೂಮಿಯನ್ನು ಆಳುತ್ತಾನೆ, ಪ್ರತಿಯೊಬ್ಬ ದಂಡನಾಯಕನೂ ಶತ್ರುಗಳಿಗೆ ಯಮನಾಗುತ್ತಾನೆ. ಇತಿಹಾಸಕಾರರು ಆ ಮಾತುಗಳನ್ನು ಅರ್ಧಕ್ಕರ್ಧ ತಳ್ಳಿ ಓದುತ್ತಾರೆ. ದಾನದ ಭಾಗದಲ್ಲಾದರೋ ಇಷ್ಟು ಮತ್ತರು ಗದ್ದೆ, ಇಷ್ಟು ಎಣ್ಣೆ, ಮೂಡಲಿಗೆ ಈ ಕೆರೆ, ತೆಂಕಲಿಗೆ ಈ ಕಲ್ಲು ಎಂದು ಸ್ಪಷ್ಟವಾಗಿ ಬರೆದಿದೆ. ಸಾವಿರ ವರ್ಷಗಳ ಮೇಲೆ ನಂಬಿಕೆಗೆ ಅರ್ಹವಾಗಿ ಉಳಿದದ್ದು ಯಾವುದು? ದಾನಿಯ ನಿಜವಾದ ಕೀರ್ತಿಯನ್ನು ಕಾಪಾಡಿದ್ದು ಬಿರುದುಗಳ ಮಾಲೆಯಲ್ಲ, ಗದ್ದೆಯ ಅಳತೆ. ಘಟಿಕೋತ್ಸವದ ಪರಿಚಯಕಾರನು ಶಾಸನದ ಎರಡನೆಯ ಭಾಗವನ್ನು ಬರೆಯುವವನಾಗಬೇಕು.

ಈ ವಾದಕ್ಕೆ ಪ್ರತಿಯಾಗಿ ಒಂದು ಮಾತು ಬರುತ್ತದೆ. ಅತಿಥಿಯು ದೇವರ ಸಮಾನ; ದೂರದಿಂದ ಶ್ರಮಪಟ್ಟು ಬಂದವರಿಗೆ ನಾಲ್ಕು ಒಳ್ಳೆಯ ಮಾತುಗಳನ್ನಾಡಿದರೆ ತಪ್ಪೇನು ಎಂಬುದು ಆ ಮಾತು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸೌಜನ್ಯವಿಲ್ಲದ ಸತ್ಯವು ಸಭೆಯನ್ನು ಕೆಡಿಸುತ್ತದೆ. 2007ರ ಸೆಪ್ಟೆಂಬರ್ 24ರಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯವು ಇರಾನಿನ ಅಂದಿನ ಅಧ್ಯಕ್ಷ ಅಹಮದಿನೆಜಾದರನ್ನು ಭಾಷಣಕ್ಕೆ ಕರೆಯಿತು. ವಿಶ್ವವಿದ್ಯಾನಿಲಯದ ಅಧ್ಯಕ್ಷ ಬೊಲಿಂಜರ್ ಅವರು ಪರಿಚಯದ ಮಾತಿನಲ್ಲಿಯೇ ಅತಿಥಿಯನ್ನು ಕ್ಷುದ್ರ ಸರ್ವಾಧಿಕಾರಿಯ ಲಕ್ಷಣವುಳ್ಳವರೆಂದು ಕಟುವಾಗಿ ಖಂಡಿಸಿದರು. ಅತಿಥಿಯು ತನ್ನ ದೇಶದಲ್ಲಿ ಕರೆದವರನ್ನು ಹೀಗೆ ನಡೆಸಿಕೊಳ್ಳುವುದಿಲ್ಲವೆಂದು ಉತ್ತರಿಸಿ, ಅಷ್ಟರಮಟ್ಟಿಗೆ ಸಭೆಯ ಅನುಕಂಪವನ್ನು ಬೇಡುವ ಅವಕಾಶವನ್ನು ಪಡೆದರು. ಖಂಡಿಸಬೇಕಾದವರನ್ನು ಪ್ರಶ್ನೋತ್ತರದಲ್ಲಿ ಖಂಡಿಸಬಹುದಿತ್ತು. ಪರಿಚಯವು ಅದಕ್ಕೆ ಸ್ಥಳವಲ್ಲ. ಸ್ತುತಿಯೂ ನಿಂದೆಯೂ ಇಲ್ಲಿ ಸಮಾನ ದೋಷಗಳು. ಎರಡೂ ಸಭೆಯ ತೀರ್ಪನ್ನು ಮುಂಚಿತವಾಗಿ ಕಸಿದುಕೊಳ್ಳುತ್ತವೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಕಾವ್ಯದ ಜೀವವೆಂದು ಸಾರಿದ ಔಚಿತ್ಯವೇ ಪರಿಚಯದ ಜೀವವೂ ಹೌದು. ಅತಿಥಿಯ ನಿಜವಾದ ಕೆಲಸವನ್ನು ಅರಿತು ಅದನ್ನು ಸರಿಯಾಗಿ ಹೇಳುವುದೇ ಅತಿಥಿಸತ್ಕಾರ. ಓದದೆ ಹೊಗಳುವುದು ಅತಿಥಿಯನ್ನು ಗೌರವಿಸಿದಂತಲ್ಲ. ಮನೆಗೆ ಬಂದವರ ಹೆಸರನ್ನೂ ಕೇಳದೆ ಹಾರ ಹಾಕಿದಂತೆ.

ಈ ಕಾರ್ಯವನ್ನು ಒಂದು ಹೊಣೆಯುಳ್ಳ ವಿದ್ವತ್ಕರ್ಮವೆಂದು ಭಾವಿಸಿದ ವಿಶ್ವವಿದ್ಯಾನಿಲಯಗಳುಂಟು. ಇಂಗ್ಲೆಂಡಿನ ಕೇಂಬ್ರಿಜ್ 1522ರಲ್ಲಿಯೇ ಇದಕ್ಕಾಗಿ 'ಓರೇಟರ್' ಎಂಬ ಹುದ್ದೆಯನ್ನು ನಿರ್ಮಿಸಿತು. ಕವಿ ಜಾರ್ಜ್ ಹರ್ಬರ್ಟ್ 1620ರಿಂದ ಕೆಲವು ವರ್ಷ ಆ ಸ್ಥಾನದಲ್ಲಿದ್ದರು. ಆಕ್ಸ್‌ಫರ್ಡಿನಲ್ಲಿಯೂ ಅಂತಹ ಹುದ್ದೆಯಿದೆ. ಗೌರವ ಪದವಿಯನ್ನು ಪಡೆಯುವವರನ್ನು ಕೆಲವೇ ವಾಕ್ಯಗಳ ಲ್ಯಾಟಿನ್ ಭಾಷಣದಿಂದ ಪರಿಚಯಿಸುವುದು ಅಲ್ಲಿಯ ಕ್ರಮ. 1940ರ ಆಗಸ್ಟ್ 7ರಂದು ಆಕ್ಸ್‌ಫರ್ಡ್ ತನ್ನ ಗೌರವ ಡಾಕ್ಟರೇಟನ್ನು ರವೀಂದ್ರನಾಥ ಠಾಕೂರರಿಗೆ ಶಾಂತಿನಿಕೇತನಕ್ಕೇ ಬಂದು ಅರ್ಪಿಸಿತು. ಸರ್ ಮಾರಿಸ್ ಗ್ವೈಯರ್ ಮತ್ತು ಸರ್ವಪಲ್ಲಿ ರಾಧಾಕೃಷ್ಣನ್ ಅವರು ಆ ವಿಶ್ವವಿದ್ಯಾನಿಲಯದ ಪ್ರತಿನಿಧಿಗಳಾಗಿದ್ದರು. ಪರಿಚಯವು ಲ್ಯಾಟಿನ್ನಿನಲ್ಲಿ ನಡೆಯಿತು. ಕವಿಗಳು ಸಂಸ್ಕೃತದಲ್ಲಿ ಉತ್ತರಿಸಿದರು. ಎರಡು ಪ್ರಾಚೀನ ವಾಣಿಗಳು ಸಮಾನ ಪೀಠದಲ್ಲಿ ಕುಳಿತು ಸಂಭಾಷಿಸಿದ ಘಳಿಗೆ ಅದು. ಅಮೆರಿಕದ ಹಾರ್ವರ್ಡ್ 1947ರ ಜೂನ್ 5ರಂದು ಜಾರ್ಜ್ ಮಾರ್ಷಲ್‌ರಿಗೆ ಗೌರವ ಪದವಿಯನ್ನಿತ್ತಾಗ ಓದಿದ ಪ್ರಶಂಸೆಯು ಒಂದೇ ವಾಕ್ಯದ್ದು: ಅವರ ಸಾಮರ್ಥ್ಯಕ್ಕೂ ಶೀಲಕ್ಕೂ ಆ ರಾಷ್ಟ್ರದ ಇತಿಹಾಸದಲ್ಲಿ ಒಂದೇ ಹೋಲಿಕೆಯುಂಟು ಎಂಬುದು ಅದರ ಸಾರ. ವಾಷಿಂಗ್ಟನ್ನರ ಹೆಸರನ್ನು ಹೇಳಬೇಕಾಗಲಿಲ್ಲ. ಅದೇ ದಿನ ಮಧ್ಯಾಹ್ನ ಮಾರ್ಷಲ್ ಕಾಲು ಗಂಟೆಗೂ ಕಡಿಮೆ ಅವಧಿಯಲ್ಲಿ ಮಾಡಿದ ಭಾಷಣವು ಯುದ್ಧದಿಂದ ಜರ್ಜರಿತವಾದ ಯೂರೋಪಿನ ಪುನರ್ನಿರ್ಮಾಣಕ್ಕೆ ನಾಂದಿಯಾಯಿತು. ಹಿರಿಯ ಕಾರ್ಯಕ್ಕೆ ಉದ್ದವಾದ ಪೀಠಿಕೆ ಬೇಕಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. 1918ರಲ್ಲಿ ನಡೆದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಕಲ್ಕತ್ತೆಯ ಸರ್ ಅಶುತೋಷ್ ಮುಖರ್ಜಿಯವರು. ಆ ಕಾಲಕ್ಕೆ ಇಂತಹ ಸಭೆಗಳ ಭಾಷೆ ಇಂಗ್ಲಿಷ್. ಅದೇ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1937ರಲ್ಲಿ ರವೀಂದ್ರರು ಘಟಿಕೋತ್ಸವ ಭಾಷಣವನ್ನು ಬಂಗಾಳಿಯಲ್ಲಿ ಮಾಡಿ ಹಳೆಯ ಕಟ್ಟಳೆಯನ್ನು ಮುರಿದರು. 1942ರ ಜನವರಿಯಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ರಜತೋತ್ಸವದಲ್ಲಿ ಗಾಂಧೀಜಿಯವರು ಹಿಂದಿಯಲ್ಲಿ ಮಾತನಾಡಿ, ಅಲ್ಲಿ ಇಂಗ್ಲಿಷಿಗಿದ್ದ ಪ್ರಾಧಾನ್ಯವನ್ನು ಆಕ್ಷೇಪಿಸಿದರು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಘಟಿಕೋತ್ಸವಕ್ಕೆ 'ನುಡಿಹಬ್ಬ' ಎಂದೇ ಹೆಸರಿಟ್ಟಿತು. ತನ್ನ ಗೌರವ ಪದವಿಗೆ 'ನಾಡೋಜ' ಎಂಬ ಕನ್ನಡದ ಹೆಸರನ್ನು ಆರಿಸಿಕೊಂಡಿತು. ಹೊರನಾಡಿನ ಅತಿಥಿಯು ತಮಗೆ ಬಲ್ಲ ಭಾಷೆಯಲ್ಲಿ ಮಾತನಾಡಲಿ. ಅದು ಅವರ ಹಕ್ಕು. ಆದರೆ ಅವರನ್ನು ಪರಿಚಯಿಸುವುದು ಸಭೆಗಾಗಿ. ಸಭೆಯಲ್ಲಿರುವವರು ಕನ್ನಡಿಗರ ಮಕ್ಕಳು, ಅವರ ತಾಯಿತಂದೆಗಳು. ಮಗನ ಘಟಿಕೋತ್ಸವಕ್ಕೆ ಬಂದ ರೈತನಿಗೆ ಎದುರಿಗೆ ಕುಳಿತ ಹಿರಿಯರು ಯಾರೆಂಬುದಾದರೂ ತಿಳಿಯಬೇಡವೆ? ಅತಿಥಿಗೆ ಅರ್ಥವಾಗಲೆಂದು ಅತಿಥಿಯನ್ನೇ ಅತಿಥಿಗೆ ಇಂಗ್ಲಿಷಿನಲ್ಲಿ ಪರಿಚಯಿಸುವ ವಿಚಿತ್ರವು ನಿಲ್ಲಬೇಕಾಗಿದೆ.

ಒಂದು ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. 1974ರಲ್ಲಿ ಕುವೆಂಪು ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವ ಭಾಷಣವನ್ನು ಮಾಡಿದರು. ಅದು 'ವಿಚಾರಕ್ರಾಂತಿಗೆ ಆಹ್ವಾನ' ಎಂಬ ಹೆಸರಿನಿಂದ ನಾಡಿನಲ್ಲೆಲ್ಲ ಚರ್ಚೆಯನ್ನೆಬ್ಬಿಸಿತು. ಅಂತಹವರನ್ನು ಪರಿಚಯಿಸುವ ಹೊಣೆ ಒಬ್ಬ ಅಧ್ಯಾಪಕನ ಮೇಲೆ ಬಿದ್ದರೆ ಅವನು ಏನನ್ನು ಹೇಳಬೇಕು? ಜ್ಞಾನಪೀಠ, ಪದ್ಮಭೂಷಣ ಎಂದು ಬಿರುದುಗಳನ್ನು ಜೋಡಿಸಬಹುದು. ಅದಕ್ಕಿಂತ ಮೇಲಾದದ್ದು ಹೀಗಿರಬಹುದು: ಇವರು ಮಲೆನಾಡಿನ ಕುಪ್ಪಳಿಯ ಮನೆತನದವರು, ಕನ್ನಡ ಅಧ್ಯಾಪಕರಾಗಿ ಸೇರಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಿಂದ 1960ರವರೆಗೆ ಕುಲಪತಿಗಳಾದರು, ಮಾನಸಗಂಗೋತ್ರಿಯನ್ನು ಕಟ್ಟಿದರು, ಇಂದು ಪದವಿ ಪಡೆಯುತ್ತಿರುವ ನಿಮ್ಮೊಡನೆ ಮಾತನಾಡಲಿದ್ದಾರೆ. ನಾಲ್ಕು ಮಾತು, ಒಂದು ನಿಮಿಷ. ಇದರಲ್ಲಿ ಸ್ತುತಿಯಿಲ್ಲ, ಆದರೆ ಕೇಳಿದ ಹುಡುಗನು ನೆಟ್ಟಗೆ ಕೂರುತ್ತಾನೆ.

ಇಷ್ಟನ್ನು ಮನಗಂಡರೆ ನಿಯಮಗಳು ತಾವಾಗಿಯೇ ಸಿದ್ಧವಾಗುತ್ತವೆ. ಪರಿಚಯವು ಮೂರು ನಿಮಿಷವನ್ನು ಮೀರಬಾರದು. ಪರಿಚಯಕಾರನು ಅತಿಥಿಯ ಒಂದು ಕೃತಿಯನ್ನಾದರೂ ಓದಿರಬೇಕು, ಒಂದು ಕಾರ್ಯವನ್ನಾದರೂ ವಿಚಾರಿಸಿ ತಿಳಿದಿರಬೇಕು. ಹೆಸರನ್ನೂ ಊರನ್ನೂ ಉಚ್ಚರಿಸುವ ಕ್ರಮವನ್ನು ಮುಂಚಿತವಾಗಿ ಕೇಳಿ ತಿಳಿಯಬೇಕು; ಹೆಸರನ್ನೇ ತಪ್ಪಾಗಿ ನುಡಿದ ಮೇಲೆ ಎಷ್ಟು ಹೊಗಳಿದರೂ ಅದು ಬೇರೊಬ್ಬರ ಹೊಗಳಿಕೆ. ಹುದ್ದೆಗಳಲ್ಲಿ ಮುಖ್ಯವಾದ ಒಂದೆರಡನ್ನು ಹೇಳಿ ಉಳಿದುದನ್ನು ಮುದ್ರಿತ ಪತ್ರಿಕೆಗೆ ಬಿಡಬೇಕು. ಅತಿಥಿಯು ಆಡಲಿರುವ ವಿಷಯವನ್ನು ತಾನೇ ಆಡಿ ಮುಗಿಸಬಾರದು. ಸ್ವಾಗತದಲ್ಲಿ ಹೇಳಿದುದನ್ನು ಪರಿಚಯದಲ್ಲಿಯೂ, ಪರಿಚಯದಲ್ಲಿ ಹೇಳಿದುದನ್ನು ವಂದನಾರ್ಪಣೆಯಲ್ಲಿಯೂ ಪುನರುಕ್ತಿಸಬಾರದು. ಈ ಅತಿಥಿಯು ಈ ಸ್ನಾತಕರಿಗೆ ಇಂದು ಏಕೆ ಬೇಕು ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರವಿರಬೇಕು. ಅಂತಹ ಉತ್ತರವಿಲ್ಲದಿದ್ದರೆ ಅತಿಥಿಯ ಆಯ್ಕೆಯಲ್ಲಿಯೇ ದೋಷವಿದೆಯೆಂದು ತಿಳಿಯಬೇಕು. ಉಳಿದ ವೇಳೆಯಲ್ಲಿ, ಕಷ್ಟದಲ್ಲಿ ಓದಿ ಮುಂದೆ ಬಂದ ನಾಲ್ವರು ಸ್ನಾತಕರನ್ನಾದರೂ ಅತಿಥಿಗೆ ಪರಿಚಯಿಸಬೇಕು. ಉತ್ಸವವು ಅವರದು.

ವಿಶ್ವವಿದ್ಯಾನಿಲಯದ ಈ ಮಾತು ಪ್ರೌಢಶಾಲೆಯ ಸ್ಮರಣಸಂಚಿಕೆಗೆ ಏಕೆಂದು ಕೇಳಬಹುದು. ವೇದಿಕೆಯ ಮೇಲೆ ನಿಂತು ಪರಿಚಯಿಸುವ ಪ್ರಾಧ್ಯಾಪಕನು ಆ ವಿದ್ಯೆಯನ್ನು ಕಲಿತದ್ದು ವಿಶ್ವವಿದ್ಯಾನಿಲಯದಲ್ಲಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂಬತ್ತನೆಯ ತರಗತಿಯ ಹುಡುಗನಾಗಿ ಬೆಂಚಿನ ತುದಿಯಲ್ಲಿ ಕುಳಿತು ಕೇಳಿದಾಗ. ಅಂದು ಅವನ ಗುರುಗಳು ಅಳತೆಯ ಮಾತನಾಡಿದ್ದರೆ ಇಂದು ಅವನೂ ಆಡುತ್ತಿದ್ದನು. ಆದಕಾರಣ ಈ ಸುಧಾರಣೆಯು ಶಾಲೆಯ ಅಧ್ಯಾಪಕರಿಂದಲೇ ಆರಂಭವಾಗಬೇಕು. ಅತಿಥಿ ಪರಿಚಯವನ್ನು ಬರೆಯುವ ಕೆಲಸವನ್ನು ಮಕ್ಕಳಿಗೇ ಕೊಟ್ಟು, ಅವರು ಬರೆದುದರಲ್ಲಿ ಪ್ರಮಾಣವಿಲ್ಲದ ವಿಶೇಷಣಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿಸಿದರೆ ಅದಕ್ಕಿಂತ ಉತ್ತಮವಾದ ವ್ಯಾಕರಣಪಾಠವೂ ನೀತಿಪಾಠವೂ ಇಲ್ಲ. ಹಿರಿಯ ವಿದ್ಯಾರ್ಥಿಗಳು ಅತಿಥಿಗಳಾಗಿ ಬಂದಾಗ ತಮ್ಮ ವಿವರವನ್ನು ಅರ್ಧ ಪುಟಕ್ಕೆ ಇಳಿಸಿ ಕಳುಹಿಸಲಿ. ಅದರಲ್ಲಿ ತಾವು ಸೋತು ಮತ್ತೆ ಗೆದ್ದ ಒಂದು ಸಂಗತಿಯನ್ನೂ ಸೇರಿಸಲಿ. ದಾನಿಗಳು ಬಿರುದುಗಳನ್ನು ಬಯಸದೆ, ತಮ್ಮ ದಾನದಿಂದ ಎಷ್ಟು ಕೊಠಡಿಗಳಾದವು, ಎಷ್ಟು ಮಕ್ಕಳು ಓದಿದರು ಎಂಬ ಅಳತೆಯನ್ನು ಮಾತ್ರ ಹೇಳಿಸಿಕೊಳ್ಳಲಿ. ಆ ಅಳತೆಯು ಶಾಸನದಂತೆ ಉಳಿಯುತ್ತದೆ.

ಮಾತು ಬಲ್ಲವರಿಗೆ ಮಿತಿಯೇ ಭೂಷಣ. ಒಬ್ಬ ಮನುಷ್ಯನನ್ನು ಇನ್ನೊಬ್ಬರ ಮುಂದೆ ನಿಲ್ಲಿಸಿ ಇವರು ಇಂಥವರೆಂದು ಹೇಳುವುದು ಸಾಕ್ಷಿ ನುಡಿದಂತೆ. ವಿದ್ಯೆಯ ಪೀಠದಿಂದ ಹೊರಡುವ ಸಾಕ್ಷಿಯು ಸತ್ಯವೂ ಹಿತವೂ ಮಿತವೂ ಆಗಿದ್ದಲ್ಲಿ, ಪದವಿಯನ್ನು ಹಿಡಿದು ಹೊರಡುವ ತರುಣರು ಆ ಹಾಳೆಯೊಡನೆ ಮಾತಿನ ಮೇಲಣ ನಂಬಿಕೆಯನ್ನೂ ಮನೆಗೆ ಒಯ್ಯುತ್ತಾರೆ.